ಸಂಬಳವೋ, ಗೌರವಧನವೋ, ಶಿಷ್ಯವೇತನವೋ: ತಾತ್ಕಾಲಿಕ ಅಧ್ಯಾಪಕರಿಗೆ ನಿರುದ್ಯೋಗ ಭತ್ಯೆ ಏಕೆ ಸಿಗುವುದಿಲ್ಲ?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕೂ ಊರುಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ದಾವಣಗೆರೆ ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಬರುವ ಈ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲನ್ನು ಹೊತ್ತವರು ಅತಿಥಿ ಉಪನ್ಯಾಸಕರು. ಶೈಕ್ಷಣಿಕ ವರ್ಷ ಮುಗಿದಾಗ ಅವರ ಸೇವೆಯೂ ಮುಗಿಯುತ್ತದೆ. ಮತ್ತೆ ಅರ್ಜಿ, ಮತ್ತೆ ಪಟ್ಟಿ, ಮತ್ತೆ ಕೌನ್ಸೆಲಿಂಗ್. ನಡುವಿನ ತಿಂಗಳುಗಳಲ್ಲಿ ಗೌರವಧನವಿಲ್ಲ.

ಇದೇ ಕಾಲೇಜುಗಳಲ್ಲಿ ಓದಿ, ಎಂ.ಎಸ್ಸಿ., ಪಿಎಚ್.ಡಿ. ಮುಗಿಸಿ ಜರ್ಮನಿ, ಬ್ರಿಟನ್, ಅಮೆರಿಕಗಳಿಗೆ ಸಂಶೋಧನೆಗೆ ಹೋಗುವವರ ಮುಂದೆಯೂ ಇಂಥದೇ ಪ್ರಶ್ನೆಯಿದೆ. ಅಲ್ಲಿನ ವಿಶ್ವವಿದ್ಯಾನಿಲಯಗಳು ಕೊಡುವುದು ಸಾಮಾನ್ಯವಾಗಿ ಒಂದೋ ಎರಡೋ ಮೂರೋ ವರ್ಷದ ಒಪ್ಪಂದ. ಅವಧಿ ಮುಗಿದರೆ ಕೆಲಸದ ಜೊತೆಗೆ ಆ ದೇಶದಲ್ಲಿ ಇರುವ ಅನುಮತಿಯೂ ಅಲುಗಾಡುತ್ತದೆ.

ಹೊಳಲ್ಕೆರೆಯಲ್ಲಿರುವವರಿಗೂ ಬರ್ಲಿನ್‌ನಲ್ಲಿರುವವರಿಗೂ ಕೇಳಬೇಕಾದ ಪ್ರಶ್ನೆ ಒಂದೇ: ಕೆಲಸ ನಿಂತ ಮೇಲೆ ಮುಂದಿನ ಕೆಲಸ ಸಿಗುವವರೆಗೆ ಕೈಹಿಡಿಯುವ ಭತ್ಯೆ ಏನಾದರೂ ಇದೆಯೇ? ಉತ್ತರ ವಿದ್ಯಾರ್ಹತೆಯ ಮೇಲೆ ನಿಂತಿಲ್ಲ, ಪಾಠ ಮಾಡಿದ ವರ್ಷಗಳ ಮೇಲೂ ಬಹುಮಟ್ಟಿಗೆ ನಿಂತಿಲ್ಲ. ತಿಂಗಳ ಕೊನೆಯಲ್ಲಿ ಕೈಗೆ ಬಂದ ಹಣಕ್ಕೆ ಕಾಗದದಲ್ಲಿ ಯಾವ ಹೆಸರಿದೆ, ಅದರಿಂದ ವಿಮೆಯ ವಂತಿಗೆ ಕಡಿತವಾಗಿದೆಯೇ ಎಂಬುದರ ಮೇಲೆ ನಿಂತಿದೆ.

ಅತಿಥಿಗಳಿಗೆ ಸಿಕ್ಕಿದ್ದು, ಸಿಗದೇ ಉಳಿದದ್ದು

ರಾಜ್ಯದ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹತ್ತು ಸಾವಿರದ ಆಸುಪಾಸಿನಲ್ಲಿ ಅತಿಥಿ ಉಪನ್ಯಾಸಕರು ದುಡಿಯುತ್ತ ಬಂದಿದ್ದಾರೆ. 2022ರ ಜನವರಿವರೆಗೆ ಅವರ ತಿಂಗಳ ಗೌರವಧನ 11,000 ರೂಪಾಯಿ, ಯುಜಿಸಿ ಅರ್ಹತೆ ಇದ್ದವರಿಗೆ 13,000 ರೂಪಾಯಿ ಇತ್ತು. ಆ ತಿಂಗಳು ಸರ್ಕಾರ ಅದನ್ನು ಏರಿಸಿತು. ಯುಜಿಸಿ ಅರ್ಹತೆಯೂ ಐದು ವರ್ಷಕ್ಕಿಂತ ಹೆಚ್ಚಿನ ಸೇವೆಯೂ ಇದ್ದವರಿಗೆ 32,000, ಅರ್ಹತೆ ಇದ್ದು ಸೇವೆ ಕಡಿಮೆ ಇದ್ದವರಿಗೆ 30,000, ಅರ್ಹತೆ ಇಲ್ಲದವರಿಗೆ ಸೇವೆಗೆ ತಕ್ಕಂತೆ 28,000 ಅಥವಾ 26,000 ರೂಪಾಯಿ ಎಂದಾಯಿತು. ಜೊತೆಗೆ ವಾರದ ಕಾರ್ಯಭಾರ 15 ಗಂಟೆಗೆ ಏರಿತು. ಮೊದಲು ಇಬ್ಬರು ಹಂಚಿಕೊಳ್ಳುತ್ತಿದ್ದ ಪಾಠ ಒಬ್ಬರ ಪಾಲಿಗೆ ಬಂದುದರಿಂದ ಹಲವರು ಪಟ್ಟಿಯಿಂದಲೇ ಹೊರಬಿದ್ದರು.

2023ರ ನವೆಂಬರ್ ಕೊನೆಯಲ್ಲಿ ಸೇವಾ ಭದ್ರತೆಯ ಬೇಡಿಕೆಯಿಟ್ಟು ಅತಿಥಿ ಉಪನ್ಯಾಸಕರು ತರಗತಿ ಬಹಿಷ್ಕರಿಸಿದರು. ಹೊಸ ವರ್ಷದ ಮೊದಲ ದಿನ ತುಮಕೂರಿನ ಸಿದ್ಧಗಂಗೆಯಿಂದ ಬೆಂಗಳೂರಿಗೆ ಪಾದಯಾತ್ರೆಯೂ ಹೊರಟಿತು. ಈ ಹೋರಾಟದ ಫಲವಾಗಿ ಸೇವಾವಧಿಗೆ ತಕ್ಕಂತೆ ತಿಂಗಳಿಗೆ 5,000ದಿಂದ 8,000 ರೂಪಾಯಿವರೆಗೆ ಹೆಚ್ಚಳ, ಐದು ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ, ತಿಂಗಳಿಗೊಂದು ವೇತನಸಹಿತ ರಜೆ, ಮೂರು ತಿಂಗಳ ಹೆರಿಗೆ ರಜೆ, 60 ವರ್ಷ ತುಂಬಿ ನಿವೃತ್ತರಾಗುವವರಿಗೆ ಗರಿಷ್ಠ ಐದು ಲಕ್ಷ ರೂಪಾಯಿಯ ಇಡಿಗಂಟನ್ನು ಸರ್ಕಾರ ಘೋಷಿಸಿತು.

ಇದು ಸಣ್ಣ ಗಳಿಕೆಯಲ್ಲ. ಆದರೆ ಪಟ್ಟಿಯನ್ನು ಗಮನವಿಟ್ಟು ಓದಿದರೆ ಒಂದು ಕೊರತೆ ಕಾಣುತ್ತದೆ. ಕಾಯಿಲೆಗೆ ರಕ್ಷಣೆ ಇದೆ, ಹೆರಿಗೆಗೆ ಇದೆ, ಮುಪ್ಪಿಗೆ ಇದೆ. ಕೆಲಸ ಇಲ್ಲದ ತಿಂಗಳಿಗೆ ಮಾತ್ರ ಏನೂ ಇಲ್ಲ. ಅತಿಥಿ ಉಪನ್ಯಾಸಕರ ಬದುಕಿನಲ್ಲಿ ಪ್ರತಿ ವರ್ಷ ತಪ್ಪದೆ ಬರುವ ಕಷ್ಟ ಅದೇ. ಖಾಯಂ ಉಪನ್ಯಾಸಕರು ವರ್ಗವಾಗಿ ಬಂದರೆ, ಹೊಸ ನೇಮಕಾತಿ ನಡೆದರೆ, ವಿಭಾಗದಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಇಳಿದು ಕಾರ್ಯಭಾರ ಕಡಿಮೆಯಾದರೆ, ಮೊದಲು ಜಾಗ ಬಿಡಬೇಕಾದವರೂ ಅವರೇ. 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ ಸರ್ಕಾರ ನಡೆಸಿದ ನೇಮಕಾತಿ ವಿದ್ಯಾರ್ಥಿಗಳ ದೃಷ್ಟಿಯಿಂದ ಬೇಕಾದದ್ದೇ. ಆದರೆ ಹಾಗೆ ತುಂಬಿದ ಪ್ರತಿ ಹುದ್ದೆಯಲ್ಲೂ ಅಷ್ಟು ದಿನ ಪಾಠ ನಡೆಸಿದವರು ಒಬ್ಬ ಅತಿಥಿಯೇ ಆಗಿರುವುದು ಸಾಮಾನ್ಯ.

ಮೂರು ಯೋಜನೆಗಳು, ಮೂರರಿಂದಲೂ ಹೊರಗೆ

ನಿರುದ್ಯೋಗಕ್ಕೆ ಭತ್ಯೆ ಎಂಬುದು ಕರ್ನಾಟಕದವರಿಗೆ ಹೊಸ ಮಾತಲ್ಲ. ರಾಜ್ಯ ಸರ್ಕಾರದ ಐದನೇ ಗ್ಯಾರಂಟಿಯಾದ ಯುವನಿಧಿಗೆ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಸಿಕ್ಕಿತು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. 2022-23ರಲ್ಲಿ ತೇರ್ಗಡೆಯಾಗಿ 180 ದಿನವಾದರೂ ಕೆಲಸ ಸಿಗದವರಿಂದ ಆರಂಭಿಸಿ, ನಂತರದ ಸಾಲಿನವರಿಗೂ ಇದನ್ನು ವಿಸ್ತರಿಸಲಾಯಿತು. ಇದು ಓದು ಮುಗಿಸಿ ಮೊದಲ ಕೆಲಸ ಹುಡುಕುವವರಿಗೆ ಇರುವ ನೆರವು. ಹದಿನೈದು ವರ್ಷ ಪಾಠ ಮಾಡಿ ಕೆಲಸ ಕಳೆದುಕೊಂಡವರಿಗೆ ಇಲ್ಲಿ ಜಾಗವಿಲ್ಲ. ಅಂದರೆ ಹೊಸದುರ್ಗದ ಕಾಲೇಜಿನಲ್ಲಿ ಈಗಷ್ಟೇ ಪದವಿ ಪಡೆದ ವಿದ್ಯಾರ್ಥಿ ಅರ್ಜಿ ಹಾಕಬಹುದು, ಪಾಠ ಹೇಳಿದ ಮೇಷ್ಟ್ರು ಹಾಕುವಂತಿಲ್ಲ.

ಎರಡನೆಯದು ಕಾರ್ಮಿಕರ ರಾಜ್ಯ ವಿಮಾ ನಿಗಮದ, ಎಂದರೆ ಇಎಸ್‌ಐನ, ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ. 2018ರ ಜುಲೈನಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಈ ಯೋಜನೆಯ ಅವಧಿಯನ್ನು ಹಲವು ಬಾರಿ ವಿಸ್ತರಿಸಲಾಗಿದೆ. ಕೆಲಸ ಕಳೆದುಕೊಂಡ ವಿಮಾದಾರರಿಗೆ ಸರಾಸರಿ ದಿನಗೂಲಿಯ ಶೇ 50ರಷ್ಟನ್ನು ಗರಿಷ್ಠ 90 ದಿನ ಕೊಡಲಾಗುತ್ತದೆ. 2020ಕ್ಕೆ ಮೊದಲು ಇದು ಶೇ 25ರಷ್ಟೇ ಇತ್ತು. ಜೀವಮಾನದಲ್ಲಿ ಒಮ್ಮೆ ಮಾತ್ರ ಪಡೆಯಬಹುದು. ವಿಮೆಗೆ ಒಳಪಟ್ಟ ಕೆಲಸದಲ್ಲಿ ಕನಿಷ್ಠ ಎರಡು ವರ್ಷ ಇದ್ದು, ನಿಗದಿತ ದಿನಗಳ ವಂತಿಗೆ ಕಟ್ಟಿರಬೇಕು.

ಮೂರನೆಯದು ಅದೇ ನಿಗಮದ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ ಯೋಜನೆ. 2005ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಸಂಸ್ಥೆ ಮುಚ್ಚಿದರೆ, ಹಿಂಬಡ್ತಿಯಲ್ಲದೆ ನೌಕರರನ್ನೇ ಕಡಿತ ಮಾಡಿದರೆ, ಅಥವಾ ಕೆಲಸಕ್ಕೆ ಸಂಬಂಧಿಸದ ಕಾರಣದಿಂದ ಶಾಶ್ವತ ಅಂಗವೈಕಲ್ಯ ಉಂಟಾದರೆ ಎರಡು ವರ್ಷದವರೆಗೆ ಭತ್ಯೆ ಸಿಗುತ್ತದೆ. ಮೊದಲ ವರ್ಷ ಕೂಲಿಯ ಶೇ 50, ಎರಡನೇ ವರ್ಷ ಶೇ 25.

ಇಎಸ್‌ಐನ ಈ ಎರಡೂ ಯೋಜನೆಗಳ ಬಾಗಿಲು ತೆರೆಯುವುದು ಇಎಸ್‌ಐ ಸಂಖ್ಯೆ ಇದ್ದವರಿಗೆ. ತಿಂಗಳ ಸಂಬಳ 21,000 ರೂಪಾಯಿ ಮೀರದವರಷ್ಟೇ ಅದರ ವ್ಯಾಪ್ತಿಗೆ ಸೇರುತ್ತಾರೆ. ಈ ಮಿತಿ 2017ರ ಜನವರಿಯಿಂದ ಬದಲಾಗಿಲ್ಲ. ಸರ್ಕಾರಿ ಕಾಲೇಜಿನ ಅತಿಥಿಗಳ ಗೌರವಧನ 11,000, 13,000 ರೂಪಾಯಿ ಇದ್ದ ಕಾಲದಲ್ಲಿ ಅವರು ಮಿತಿಯೊಳಗೇ ಇದ್ದರು, ಆದರೆ ಗೌರವಧನದಿಂದ ಇಎಸ್‌ಐ ವಂತಿಗೆ ಕಡಿತ ಮಾಡುವ ಪದ್ಧತಿ ಇರಲಿಲ್ಲ. ಈಗ ಗೌರವಧನ ಏರಿದ ಮೇಲೆ ಮಿತಿಯೇ ಅವರನ್ನು ಹೊರಗಿಡುತ್ತದೆ.

ಖಾಸಗಿ ಕಾಲೇಜು ಮತ್ತು ಶಾಲೆಗಳ ಕಥೆ ಬೇರೆ. ಕರ್ನಾಟಕದಲ್ಲಿ ಖಾಸಗಿ ಶಿಕ್ಷಣ ಸಂಸ್ಥೆಗಳಿಗೂ ಇಎಸ್‌ಐ ಅನ್ವಯಿಸುತ್ತದೆ. ಚಿತ್ರದುರ್ಗದಲ್ಲೋ ಹಿರಿಯೂರಿನಲ್ಲೋ ಖಾಸಗಿ ಸಂಸ್ಥೆಯಲ್ಲಿ 18,000 ರೂಪಾಯಿಗೆ ದುಡಿಯುವ ಶಿಕ್ಷಕಿಯ ಸಂಬಳದಿಂದ ಶೇ 0.75, ಆಡಳಿತ ಮಂಡಳಿಯಿಂದ ಶೇ 3.25 ವಂತಿಗೆ ಸೇರಬೇಕು. ಅಂದರೆ ಶಿಕ್ಷಕಿಯ ಪಾಲು ತಿಂಗಳಿಗೆ 135 ರೂಪಾಯಿ, ಸಂಸ್ಥೆಯದು 585 ರೂಪಾಯಿ. ಈ ಹಣ ತಪ್ಪದೆ ಜಮೆಯಾಗಿದ್ದರೆ, ಕೆಲಸ ಹೋದಾಗ ಮೂರು ತಿಂಗಳು ಸುಮಾರು 9,000 ರೂಪಾಯಿಯಂತೆ ಕೇಳುವ ಹಕ್ಕು ಅವರಿಗಿದೆ. ಇಂಥ ಹಕ್ಕೊಂದು ಇದೆ ಎಂಬುದೇ ಎಷ್ಟೋ ಶಿಕ್ಷಕರಿಗೆ ತಿಳಿದಿರುವುದಿಲ್ಲ.

ಕಾನೂನಿನ ಕಣ್ಣಿನಲ್ಲಿ ಅಧ್ಯಾಪಕ ಯಾರು?

ಕಾರ್ಖಾನೆಯ ಕಾರ್ಮಿಕರನ್ನು ಕೆಲಸದಿಂದ ತೆಗೆದರೆ ಪರಿಹಾರ ಕೊಡಬೇಕು ಎಂಬ ನಿಯಮ ದಶಕಗಳಿಂದ ಇದೆ. ಅಧ್ಯಾಪಕರಿಗೆ ಅದು ಸಿಗದಿರುವುದಕ್ಕೆ ಎರಡು ಕಾರಣಗಳಿವೆ. 1988ರಲ್ಲಿ ಸುಂದರಾಂಬಾಳ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಎಂದು ಹೇಳಿತು. ಅದಕ್ಕೂ ಮೊದಲು, 1984ರಲ್ಲಿ ಅದೇ ಕಾಯ್ದೆಗೆ ತಂದ ತಿದ್ದುಪಡಿ, ಅವಧಿ ಮುಗಿದ ಒಪ್ಪಂದವನ್ನು ನವೀಕರಿಸದಿರುವುದು ಕೆಲಸದಿಂದ ತೆಗೆದಂತೆ ಅಲ್ಲ ಎಂದಿತ್ತು. ಈಗ ಆ ಕಾಯ್ದೆಯ ಜಾಗಕ್ಕೆ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಇದೇ ನಿಲುವನ್ನು ಉಳಿಸಿಕೊಂಡಿದೆ. ಹೀಗಾಗಿ ಅತಿಥಿ ಉಪನ್ಯಾಸಕರನ್ನು ಯಾರೂ ಕೆಲಸದಿಂದ ತೆಗೆಯುವುದೇ ಇಲ್ಲ, ಅವರ ಅವಧಿ ಮುಗಿಯುತ್ತದೆ ಅಷ್ಟೆ. ಮನೆಯಲ್ಲಿ ಅಡುಗೆ ಒಲೆಗೆ ಈ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ, ಕಾನೂನಿಗೆ ಗೊತ್ತಾಗುತ್ತದೆ.

ಖಾಯಂ ಮಾಡಿ ಎಂದು ಕೇಳುವ ದಾರಿಯನ್ನು 2006ರ ಏಪ್ರಿಲ್ 10ರ ಉಮಾದೇವಿ ತೀರ್ಪು ಬಹುಮಟ್ಟಿಗೆ ಮುಚ್ಚಿತು. ಕರ್ನಾಟಕ ಸರ್ಕಾರವೇ ಪಕ್ಷಗಾರನಾಗಿದ್ದ ಆ ಪ್ರಕರಣದಲ್ಲಿ, ನಿಯಮಬದ್ಧ ಆಯ್ಕೆಯಿಲ್ಲದೆ ಬಂದ ತಾತ್ಕಾಲಿಕ ನೌಕರರಿಗೆ ಖಾಯಂ ಹುದ್ದೆಯ ಹಕ್ಕಿಲ್ಲ ಎಂದು ಸಂವಿಧಾನ ಪೀಠ ಹೇಳಿತು. ಇತ್ತೀಚೆಗೆ ಗಾಳಿ ಸ್ವಲ್ಪ ತಿರುಗಿದೆ. 2024ರ ಡಿಸೆಂಬರ್‌ನ ಜಗ್ಗೋ ಪ್ರಕರಣದಲ್ಲಿ, ಉಮಾದೇವಿ ತೀರ್ಪನ್ನು ದೀರ್ಘಕಾಲ ದುಡಿದವರ ವಿರುದ್ಧ ಗುರಾಣಿಯಂತೆ ಬಳಸಬಾರದು ಎಂಬ ಧಾಟಿಯಲ್ಲಿ ಸುಪ್ರೀಂ ಕೋರ್ಟ್ ಮಾತನಾಡಿತು. 2025ರ ಆಗಸ್ಟ್ 22ರಂದು ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪ್ರಕರಣದಲ್ಲಿ, ಖಾಯಂ ಸಹಾಯಕ ಪ್ರಾಧ್ಯಾಪಕರ ಕನಿಷ್ಠ ವೇತನ ಶ್ರೇಣಿಯನ್ನು ಅವರಿಗೂ ಕೊಡಬೇಕೆಂದು ಆದೇಶಿಸಿತು. ಇವೆಲ್ಲ ಕೆಲಸದಲ್ಲಿರುವಾಗಿನ ಘನತೆಯ ಪ್ರಶ್ನೆಗೆ ಉತ್ತರ. ಕೆಲಸವಿಲ್ಲದ ತಿಂಗಳ ಪ್ರಶ್ನೆ ಹಾಗೆಯೇ ಉಳಿದಿದೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಒಂದು ಹೊಸ ಬಾಗಿಲು ತೆರೆದಿದೆ. ನಿಗದಿತ ಅವಧಿಯ ಒಪ್ಪಂದದ ನೌಕರರಿಗೆ ಐದು ವರ್ಷ ಕಾಯದೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿಯ ಅರ್ಹತೆ ಬರುತ್ತದೆ. ಶಿಕ್ಷಕರಿಗೆ ಗ್ರಾಚ್ಯುಟಿ ಉಂಟು ಎಂಬುದನ್ನು 2009ರ ತಿದ್ದುಪಡಿ 1997ರ ಏಪ್ರಿಲ್ 3ರಿಂದ ಪೂರ್ವಾನ್ವಯವಾಗುವಂತೆ ಸ್ಪಷ್ಟಪಡಿಸಿದೆ. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಹತ್ತು ತಿಂಗಳಿಗೇ ಮುಗಿಯುವ ನೇಮಕಕ್ಕೆ ಒಂದು ವರ್ಷದ ಈ ಷರತ್ತು ಹೇಗೆ ಒಪ್ಪುತ್ತದೆ ಎಂಬುದೇ ಮುಂದಿನ ದಿನಗಳ ವಿವಾದವಾಗಬಹುದು.

ಹೊರದೇಶದಲ್ಲಿ ಇದ್ದವರಿಗೆ ಏನುಂಟು?

ಸಂಶೋಧನೆಗೆ ಹೋಗುವ ಕನ್ನಡಿಗರಲ್ಲಿ ಹಲವರ ಆಯ್ಕೆ ಜರ್ಮನಿ. ಅಲ್ಲಿ ನಿರುದ್ಯೋಗ ವಿಮೆ ಕಡ್ಡಾಯ. ಸಂಬಳದ ಶೇ 2.6ರಷ್ಟು ವಂತಿಗೆಯನ್ನು ನೌಕರರೂ ಸಂಸ್ಥೆಯೂ ಅರ್ಧರ್ಧ ಕಟ್ಟುತ್ತಾರೆ. ಕಳೆದ 30 ತಿಂಗಳಲ್ಲಿ ಒಟ್ಟು 12 ತಿಂಗಳು ವಿಮೆಗೆ ಒಳಪಟ್ಟ ಕೆಲಸ ಮಾಡಿದವರಿಗೆ ಭತ್ಯೆ ಸಿಗುತ್ತದೆ. ಕೈಗೆ ಬರುತ್ತಿದ್ದ ಸಂಬಳದ ಶೇ 60, ಮಕ್ಕಳಿದ್ದರೆ ಶೇ 67. ಹನ್ನೆರಡು ತಿಂಗಳು ದುಡಿದವರಿಗೆ ಆರು ತಿಂಗಳು, ಎರಡು ವರ್ಷ ದುಡಿದವರಿಗೆ ಒಂದು ವರ್ಷ. ಈ ಲೆಕ್ಕದಲ್ಲಿ ಜರ್ಮನ್ ಪ್ರಜೆ, ಭಾರತೀಯ ಪ್ರಜೆ ಎಂಬ ಭೇದವಿಲ್ಲ. ಭಾರತದಲ್ಲಿ ಮಾಡಿದ ಸೇವೆ ಮಾತ್ರ ಆ 12 ತಿಂಗಳಿಗೆ ಸೇರದು.

ಆದರೆ ಒಂದೇ ಪ್ರಯೋಗಾಲಯದಲ್ಲಿ ಅಕ್ಕಪಕ್ಕದ ಮೇಜಿನಲ್ಲಿ ಕುಳಿತ ಇಬ್ಬರು ಭಾರತೀಯರಲ್ಲಿ ಒಬ್ಬರಿಗೆ ಭತ್ಯೆ ಸಿಕ್ಕಿ ಇನ್ನೊಬ್ಬರಿಗೆ ಸಿಗದೇ ಹೋಗಬಹುದು. ವಿಶ್ವವಿದ್ಯಾನಿಲಯದ ನೌಕರಿಯ ಒಪ್ಪಂದದಲ್ಲಿ ಇದ್ದವರು ವಿಮಾದಾರರು. ಹಂಬೋಲ್ಟ್ ಪ್ರತಿಷ್ಠಾನದಂಥ ಸಂಸ್ಥೆಗಳ ಶಿಷ್ಯವೇತನದಲ್ಲಿ ಇದ್ದವರು ವಿಮಾದಾರರಲ್ಲ. ಶಿಷ್ಯವೇತನದಿಂದ ವಂತಿಗೆ ಕಡಿತವಿಲ್ಲದ್ದರಿಂದ ತಿಂಗಳ ಕೊನೆಗೆ ಕೈಗೆ ಬರುವುದು ಹೆಚ್ಚೆನಿಸಬಹುದು. ಅವಧಿ ಮುಗಿದ ದಿನ ಅದರ ಬೆಲೆ ತಿಳಿಯುತ್ತದೆ. ಹೆಸರಾಂತ ಶಿಷ್ಯವೇತನ ಸಿಕ್ಕಿತೆಂದು ಹೆಮ್ಮೆಪಟ್ಟವರು, ಕಡಿಮೆ ಹೆಸರಿನ ನೌಕರಿ ಒಪ್ಪಂದ ಪಡೆದವರಿಗಿಂತ ಈ ವಿಷಯದಲ್ಲಿ ಹಿಂದೆ ಬೀಳುತ್ತಾರೆ.

ಗಡುವುಗಳೂ ಮುಖ್ಯ. ಒಪ್ಪಂದ ಮುಗಿಯಲು ಮೂರು ತಿಂಗಳಿರುವಾಗಲೇ ಅಲ್ಲಿನ ಉದ್ಯೋಗ ಕಚೇರಿಯಲ್ಲಿ ಕೆಲಸ ಹುಡುಕುವವರಾಗಿ ಹೆಸರು ನೋಂದಾಯಿಸಬೇಕು. ತಡವಾದರೆ ಒಂದು ವಾರದ ಭತ್ಯೆ ತಪ್ಪುತ್ತದೆ. ಭತ್ಯೆ ಪಡೆಯುವಾಗ ಅಲ್ಲೇ ಇದ್ದು ಕೆಲಸಕ್ಕೆ ಸಿದ್ಧರಿರಬೇಕು. ಊರಿಗೆ ಬಂದು ಕುಳಿತರೆ ಭತ್ಯೆ ನಿಲ್ಲುತ್ತದೆ. ವಂತಿಗೆ ಕಟ್ಟಿ ಪಡೆಯುವ ಈ ಭತ್ಯೆ ವಿಮೆಯ ಹಣವೇ ಹೊರತು ಸರ್ಕಾರದ ದಾನವಲ್ಲ. ಆದ್ದರಿಂದ ಅದನ್ನು ಪಡೆದರೆ ವೀಸಾಕ್ಕೆ ಕುತ್ತು ಬರುತ್ತದೆಂಬ ಭಯ ಬೇಡ. ನಿಜವಾದ ಅಡ್ಡಿ ಬೇರೆ ಇದೆ: ಇರುವ ಅನುಮತಿ ಒಪ್ಪಂದದ ಜೊತೆಗೇ ಮುಗಿದರೆ ಭತ್ಯೆಯ ಹಕ್ಕಿದ್ದೂ ಪ್ರಯೋಜನವಿಲ್ಲ. ಸಂಶೋಧನೆ ಮುಗಿಸಿದವರಿಗೆ ಕೆಲಸ ಹುಡುಕಲು ಒಂಬತ್ತು ತಿಂಗಳವರೆಗೆ ಅನುಮತಿ ಕೇಳುವ ಅವಕಾಶ ಅಲ್ಲಿನ ಕಾನೂನಿನಲ್ಲಿದೆ. ಆ ಅರ್ಜಿಯನ್ನು ಹಳೆಯ ಅನುಮತಿ ಇನ್ನೂ ಚಾಲ್ತಿಯಲ್ಲಿರುವಾಗಲೇ ಹಾಕಬೇಕು.

ಬ್ರಿಟನ್ನಿನಲ್ಲಿ ವೀಸಾದಲ್ಲಿಯೇ ಸಾರ್ವಜನಿಕ ನಿಧಿಯ ನೆರವಿಲ್ಲ ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಇದನ್ನು ಓದಿ ತಮಗೆ ಏನೂ ಇಲ್ಲವೆಂದು ಬಿಟ್ಟುಬಿಡುವವರೇ ಹೆಚ್ಚು. ಆದರೆ ರಾಷ್ಟ್ರೀಯ ವಿಮೆಯ ವಂತಿಗೆ ಕಟ್ಟಿದ್ದರ ಆಧಾರದ ಮೇಲೆ ಸಿಗುವ ಉದ್ಯೋಗಾಕಾಂಕ್ಷಿ ಭತ್ಯೆ ಆ ನಿಷೇಧದ ಪಟ್ಟಿಯಲ್ಲಿಲ್ಲ. ಸಾಮಾನ್ಯವಾಗಿ ಹಿಂದಿನ ಎರಡು ತೆರಿಗೆ ವರ್ಷಗಳ ವಂತಿಗೆ ಇದ್ದರೆ ಗರಿಷ್ಠ 182 ದಿನ ಅದನ್ನು ಕೇಳಬಹುದು. ಅಲ್ಲಿಯೂ ವೀಸಾವೇ ಗಂಟು. ಒಂದೇ ಸಂಸ್ಥೆಗೆ ಕಟ್ಟುಬಿದ್ದ ಕೌಶಲ ನೌಕರರ ವೀಸಾ ಇದ್ದವರಿಗೆ ಕೆಲಸ ಹೋದ ಮೇಲೆ ಸಾಮಾನ್ಯವಾಗಿ 60 ದಿನದ ಕಾಲಾವಕಾಶವಷ್ಟೇ.

ಅಮೆರಿಕದಲ್ಲಿ ನಿರುದ್ಯೋಗ ವಿಮೆ ಆಯಾ ರಾಜ್ಯಗಳ ಕೈಯಲ್ಲಿದೆ. ಹೊಸ ಕೆಲಸಕ್ಕೆ ತಕ್ಷಣ ಸೇರಲು ಕಾನೂನುಬದ್ಧ ಅನುಮತಿ ಇರಬೇಕು ಎಂಬ ಷರತ್ತು ಬಹುತೇಕ ಎಲ್ಲೆಡೆ ಇದೆ. ಎಚ್-1ಬಿ, ಜೆ-1 ವೀಸಾಗಳು ಒಂದು ಸಂಸ್ಥೆ ಅಥವಾ ಕಾರ್ಯಕ್ರಮಕ್ಕೆ ಕಟ್ಟುಬಿದ್ದಿರುವುದರಿಂದ ಅಲ್ಲಿನ ಭಾರತೀಯ ಸಂಶೋಧಕರು ಸಾಮಾನ್ಯವಾಗಿ ಇದರಿಂದ ಹೊರಗುಳಿಯುತ್ತಾರೆ. ಎಚ್-1ಬಿಯಲ್ಲಿ ಗರಿಷ್ಠ 60 ದಿನ, ಜೆ-1ರಲ್ಲಿ ಕಾರ್ಯಕ್ರಮ ಮುಗಿದ ಮೇಲೆ 30 ದಿನ, ಇಷ್ಟೇ ಬಿಡುವು.

ಇಲ್ಲಿಗೆ ಬಂದ ವಿದೇಶಿ ಅಧ್ಯಾಪಕರ ಪಾಡು

ನಮ್ಮವರು ಅಲ್ಲಿ ಪಡುವ ಪಾಡಿನ ಇನ್ನೊಂದು ಮುಖ ಕರ್ನಾಟಕದಲ್ಲೇ ಕಂಡಿದೆ. 2008ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಭವಿಷ್ಯನಿಧಿ ಯೋಜನೆಗೆ ಅಂತರರಾಷ್ಟ್ರೀಯ ನೌಕರರು ಎಂಬ ವರ್ಗವನ್ನು ಸೇರಿಸಿತು. ಭಾರತೀಯ ನೌಕರರಿಗೆ ಕಡ್ಡಾಯ ಸದಸ್ಯತ್ವಕ್ಕೆ 15,000 ರೂಪಾಯಿ ಸಂಬಳದ ಮಿತಿ ಇದ್ದರೆ, ವಿದೇಶಿಯರು ಎಷ್ಟೇ ಸಂಬಳವಿದ್ದರೂ ಇಡೀ ಸಂಬಳದ ಮೇಲೆ ವಂತಿಗೆ ಕಟ್ಟಬೇಕು. ಅವರ ದೇಶದ ಜೊತೆ ಭಾರತಕ್ಕೆ ಸಾಮಾಜಿಕ ಭದ್ರತಾ ಒಪ್ಪಂದ ಇಲ್ಲದಿದ್ದರೆ ಸಾಮಾನ್ಯವಾಗಿ 58 ವರ್ಷ ತುಂಬುವವರೆಗೆ ಆ ಹಣ ತೆಗೆಯುವಂತಿಲ್ಲ. ಎರಡು ಮೂರು ವರ್ಷ ಪಾಠ ಮಾಡಿ ಹಿಂದಿರುಗುವ ಅಧ್ಯಾಪಕರ ದುಡಿಮೆಯ ಒಂದು ಭಾಗ ದಶಕಗಳ ಕಾಲ ಇಲ್ಲೇ ಸಿಲುಕಿಕೊಳ್ಳುತ್ತದೆ.

ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಶಾಲೆ ನಡೆಸುವ ಸ್ಟೋನ್‌ಹಿಲ್ ಎಜುಕೇಶನ್ ಫೌಂಡೇಶನ್ ಮತ್ತಿತರರು ಇದನ್ನು ಪ್ರಶ್ನಿಸಿದ್ದರು. 2024ರ ಏಪ್ರಿಲ್ 25ರಂದು ಕರ್ನಾಟಕ ಹೈಕೋರ್ಟ್, ಈ ನಿಯಮ ಸಂವಿಧಾನದ 14ನೇ ವಿಧಿಯ ಸಮಾನತೆಗೆ ವಿರುದ್ಧವೆಂದು ರದ್ದುಪಡಿಸಿತು. 2025ರ ನವೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಇದಕ್ಕೆ ವಿರುದ್ಧವಾದ ನಿಲುವು ತಳೆದು ಅದೇ ನಿಯಮವನ್ನು ಎತ್ತಿಹಿಡಿಯಿತು.

ಭವಿಷ್ಯನಿಧಿ ನಿರುದ್ಯೋಗ ವಿಮೆಯಲ್ಲ. ಆದರೂ ಈ ಪ್ರಕರಣದ ಪಾಠ ಇಲ್ಲಿಗೂ ಸಲ್ಲುತ್ತದೆ. ಹಿರಿಯೂರಿನ ಅತಿಥಿ ಉಪನ್ಯಾಸಕರಿಗೆ ವಂತಿಗೆಯೂ ಇಲ್ಲ, ಭತ್ಯೆಯೂ ಇಲ್ಲ. ಬೆಂಗಳೂರಿನ ವಿದೇಶಿ ಶಿಕ್ಷಕರಿಗೆ ವಂತಿಗೆ ಇದೆ, ಬೇಕಾದಾಗ ಹಣ ಕೈಗೆ ಸಿಗದು. ಅಮೆರಿಕದ ಭಾರತೀಯ ಸಂಶೋಧಕರ ಹೆಸರಿನಲ್ಲಿ ಸಂಸ್ಥೆ ವಿಮೆಗೆ ಹಣ ಕಟ್ಟಿದರೂ ವೀಸಾ ಅಡ್ಡ ಬರುತ್ತದೆ. ಮೂರು ಕಡೆಯೂ ನಿಯಮ ಬರೆದವರ ಮನಸ್ಸಿನಲ್ಲಿದ್ದದ್ದು ಒಂದೇ ಊರಿನಲ್ಲಿ, ಒಂದೇ ಸಂಸ್ಥೆಯಲ್ಲಿ ನಿವೃತ್ತಿಯವರೆಗೆ ದುಡಿಯುವ ನೌಕರ. ಇಂದಿನ ಅಧ್ಯಾಪಕ ವರ್ಗದ ದೊಡ್ಡ ಭಾಗ ಹಾಗಿಲ್ಲ.

ವಿಮೆಯಿಂದ ಆಗುವುದು, ಆಗದಿರುವುದು

ಹಾಗಾದರೆ ಅತಿಥಿ ಉಪನ್ಯಾಸಕರಿಗೂ ಜರ್ಮನಿಯ ಮಾದರಿಯ ವಿಮೆ ತಂದರೆ ಸಾಕೇ? ಒಂದು ಲೆಕ್ಕ ನೋಡಬಹುದು. ಯುಜಿಸಿ ಅರ್ಹತೆ ಇದ್ದು ಏಳು ವರ್ಷ ಸೇವೆ ಇರುವವರ ಗೌರವಧನ 32,000 ಮತ್ತು ಹೆಚ್ಚಳದ 6,000 ಸೇರಿ ತಿಂಗಳಿಗೆ 38,000 ರೂಪಾಯಿ ಎಂದಿಟ್ಟುಕೊಂಡರೆ, ಶೇ 2.6ರ ವಂತಿಗೆ ತಿಂಗಳಿಗೆ 988 ರೂಪಾಯಿ, ಹತ್ತು ತಿಂಗಳಿಗೆ 9,880 ರೂಪಾಯಿ. ಎರಡು ತಿಂಗಳ ಬಿಡುವಿಗೆ ಶೇ 60ರಂತೆ ಕೊಡಬೇಕಾದ ಭತ್ಯೆ 45,600 ರೂಪಾಯಿ. ಪ್ರತಿಯೊಬ್ಬರೂ ಪ್ರತಿ ವರ್ಷ 9,880 ಕಟ್ಟಿ 45,600 ಪಡೆಯುವ ವಿಮೆ ಯಾವ ದೇಶದಲ್ಲೂ ನಿಲ್ಲದು. ಎಲ್ಲರಿಗೂ ಪ್ರತಿ ವರ್ಷ ಖಚಿತವಾಗಿ ಬರುವ ನಷ್ಟಕ್ಕೆ ವಿಮೆ ಮದ್ದಲ್ಲ.

ಅದಕ್ಕೆ ಮದ್ದು ಹನ್ನೆರಡು ತಿಂಗಳ ನೇಮಕ. ಅದೇ 3,80,000 ರೂಪಾಯಿಯನ್ನು ಹನ್ನೆರಡು ತಿಂಗಳಿಗೆ ಹಂಚಿದರೂ ತಿಂಗಳಿಗೆ ಸುಮಾರು 31,667 ರೂಪಾಯಿ ಬರುತ್ತದೆ. ಬೊಕ್ಕಸಕ್ಕೆ ಹೆಚ್ಚಿನ ಹೊರೆಯಿಲ್ಲ. ಆದರೆ ಸೇವೆ ಮುರಿಯುವುದಿಲ್ಲ, ಬ್ಯಾಂಕಿನಲ್ಲಿ ಸಾಲ ಕೇಳಲು ವರ್ಷವಿಡೀ ಆದಾಯದ ದಾಖಲೆ ಇರುತ್ತದೆ, ಗ್ರಾಚ್ಯುಟಿಯ ಒಂದು ವರ್ಷದ ಷರತ್ತಿನ ಹತ್ತಿರಕ್ಕೂ ಬಂದಂತಾಗುತ್ತದೆ.

ವಿಮೆ ಬೇಕಾಗುವುದು ಎಲ್ಲೋ ಕೆಲವರಿಗೆ, ಯಾವಾಗಲೋ ಒಮ್ಮೆ ಬರುವ ನಷ್ಟಕ್ಕೆ. ವರ್ಗಾವಣೆಯಿಂದಲೋ ಕಾರ್ಯಭಾರ ಇಳಿದೋ ನೂರರಲ್ಲಿ ಐವರು ಕೆಲಸ ಕಳೆದುಕೊಂಡರು ಎಂದಿಟ್ಟುಕೊಳ್ಳಿ. ನೂರು ಮಂದಿಯ ವಂತಿಗೆ 9,88,000 ರೂಪಾಯಿ. ಐವರಿಗೆ ಆರು ತಿಂಗಳು ಶೇ 60ರಂತೆ ಕೊಟ್ಟರೆ 6,84,000 ರೂಪಾಯಿ. ಲೆಕ್ಕ ಸರಿದೂಗುತ್ತದೆ. ಉಪನ್ಯಾಸಕರ ಪಾಲು ತಿಂಗಳಿಗೆ 494 ರೂಪಾಯಿ, ಅಷ್ಟೇ ಸರ್ಕಾರದ್ದು. ಆರೋಗ್ಯ ವಿಮೆಗೆ ಒಪ್ಪಿದ ಸರ್ಕಾರಕ್ಕೆ ಇದು ಅಸಾಧ್ಯವಾದ ಹೆಜ್ಜೆಯಲ್ಲ. ಸೇವಾ ಭದ್ರತೆ ಎಂಬ ಒಂದೇ ಮಾತಿನಡಿ ಇವೆರಡನ್ನೂ ಬೆರೆಸಿ ಕೇಳುವುದಕ್ಕಿಂತ, ಹನ್ನೆರಡು ತಿಂಗಳ ನೇಮಕ ಒಂದು, ವಂತಿಗೆ ಆಧಾರದ ನಿರುದ್ಯೋಗ ವಿಮೆ ಇನ್ನೊಂದು ಎಂದು ಬೇರೆ ಬೇರೆಯಾಗಿ ಕೇಳಿದರೆ, ಉಮಾದೇವಿ ತೀರ್ಪನ್ನು ಮುಂದಿಟ್ಟು ಎರಡನ್ನೂ ತಳ್ಳಿಹಾಕುವುದು ಕಷ್ಟವಾಗುತ್ತದೆ. ಇವೆರಡಕ್ಕೂ ಖಾಯಂಗೊಳಿಸುವ ಅಗತ್ಯವೇ ಇಲ್ಲ.

ಸಮಾಜ ಬಾಂಧವರ ಗಮನಕ್ಕೆ

2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರ ಮಾನ್ಯತೆ ದೊರೆತ ಮೇಲೆ ಉನ್ನತ ಶಿಕ್ಷಣದ ಎರಡು ಕೇಂದ್ರ ಯೋಜನೆಗಳು ಸಮಾಜದ ಯುವಜನರಿಗೂ ತೆರೆದಿದ್ದವು. ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ಸಹಾಯ ನೀಡುತ್ತಿದ್ದ ಪಢೋ ಪರದೇಶ್ 2022-23ರಿಂದ ನಿಂತಿದೆ. ಪಿಎಚ್.ಡಿ. ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ ಅನ್ನು ಅದೇ ಸಾಲಿನಿಂದ ನಿಲ್ಲಿಸುವುದಾಗಿ ಕೇಂದ್ರ 2022ರ ಡಿಸೆಂಬರ್‌ನಲ್ಲಿ ತಿಳಿಸಿತು. ಹೀಗಾಗಿ ಈಗ ಹೊರದೇಶಕ್ಕೆ ಹೋಗುವ ಮಧ್ಯಮ ವರ್ಗದ ಮಕ್ಕಳ ಹೆಗಲ ಮೇಲೆ ಸಾಲ ಮೊದಲಿಗಿಂತ ಭಾರವಾಗಿದೆ. ಸಾಲದ ಕಂತು ನಡೆಯುತ್ತಿರುವಾಗ ಒಪ್ಪಂದ ಮುಗಿದರೆ ಅದರ ಬಿಸಿ ತಟ್ಟುವುದು ಊರಿನಲ್ಲಿರುವ ತಂದೆ ತಾಯಿಗೆ.

ಹೊರಡುವ ಮುನ್ನ ಕೇಳಿ ತಿಳಿಯಬೇಕಾದವು ಇವು. ಬರುವ ಹಣ ನೌಕರಿಯ ಸಂಬಳವೋ ಶಿಷ್ಯವೇತನವೋ? ಸಂಬಳದ ಚೀಟಿಯಲ್ಲಿ ನಿರುದ್ಯೋಗ ವಿಮೆಯ ಕಡಿತ ಕಾಣುತ್ತದೆಯೇ? ಒಪ್ಪಂದದ ಅವಧಿ 12 ತಿಂಗಳಿಗಿಂತ ಕಡಿಮೆ ಇದೆಯೇ? 11 ತಿಂಗಳ ಒಪ್ಪಂದಕ್ಕೂ 12 ತಿಂಗಳ ಒಪ್ಪಂದಕ್ಕೂ ಜರ್ಮನಿಯಲ್ಲಿ ಆರು ತಿಂಗಳ ಭತ್ಯೆಯಷ್ಟು ವ್ಯತ್ಯಾಸವಿದೆ. ವೀಸಾ ಒಂದೇ ಸಂಸ್ಥೆಗೆ ಕಟ್ಟುಬಿದ್ದಿದೆಯೇ, ಕೆಲಸ ಮುಗಿದ ಮೇಲೆ ಎಷ್ಟು ದಿನ ಉಳಿಯಬಹುದು? ಶಿಷ್ಯವೇತನವೇ ಆಗಿದ್ದರೆ, ಅದನ್ನು ನೌಕರಿ ಒಪ್ಪಂದವಾಗಿ ಬದಲಿಸಲು ಸಾಧ್ಯವೇ ಎಂದು ವಿಶ್ವವಿದ್ಯಾನಿಲಯವನ್ನು ಬರಹದಲ್ಲಿ ಕೇಳಬಹುದು.

ಸರ್ಕಾರಿ ಕಾಲೇಜುಗಳಲ್ಲಿ ಅತಿಥಿಗಳಾಗಿರುವವರು ಪ್ರತಿ ವರ್ಷದ ನೇಮಕ ಆದೇಶ, ಬಿಡುಗಡೆ ಪತ್ರ, ಪ್ರಾಂಶುಪಾಲರು ಸಹಿ ಮಾಡಿದ ಸೇವಾನುಭವ ಪ್ರಮಾಣಪತ್ರ, ಗೌರವಧನ ಜಮೆಯಾದ ಬ್ಯಾಂಕ್ ವಿವರ ಇವನ್ನು ಒಂದೇ ಕಡತದಲ್ಲಿ ಇಟ್ಟುಕೊಳ್ಳುವುದು ಒಳಿತು. 2024ರ ಹೆಚ್ಚಳವೂ ನಿವೃತ್ತಿಯ ಇಡಿಗಂಟೂ ಸೇವಾ ವರ್ಷಗಳ ಲೆಕ್ಕದ ಮೇಲೆಯೇ ನಿಂತಿವೆ. ನಾಳೆ ವಿಮೆಯೋ ಗ್ರಾಚ್ಯುಟಿಯೋ ಬಂದರೂ ಕೇಳುವುದು ಇದೇ ದಾಖಲೆ. ಖಾಸಗಿ ಸಂಸ್ಥೆಗಳಲ್ಲಿ 21,000 ರೂಪಾಯಿಯೊಳಗೆ ದುಡಿಯುವವರು ತಮ್ಮ ಇಎಸ್‌ಐ ಸಂಖ್ಯೆ ಕೇಳಿ ಪಡೆದು, ವಂತಿಗೆ ಜಮೆಯಾಗುತ್ತಿದೆಯೇ ಎಂದು ನಿಗಮದ ಜಾಲತಾಣದಲ್ಲಿ ಆಗಾಗ ನೋಡಿಕೊಳ್ಳಬೇಕು.

ಸಮಾಜದ ಟ್ರಸ್ಟುಗಳಿಗೂ ಇದರಲ್ಲಿ ಪಾತ್ರವಿದೆ. ಶಾಲೆ ಕಾಲೇಜು ನಡೆಸುವ ಟ್ರಸ್ಟುಗಳು ಸೇವಾ ಸಂಸ್ಥೆಗಳಾಗಿರುವಂತೆಯೇ ಉದ್ಯೋಗದಾತರೂ ಹೌದು. ಶಿಕ್ಷಕರನ್ನು ಮಾರ್ಚ್‌ನಲ್ಲಿ ಬಿಡುಗಡೆ ಮಾಡಿ ಜೂನ್‌ನಲ್ಲಿ ಮತ್ತೆ ಸೇರಿಸಿಕೊಳ್ಳುವ ಪದ್ಧತಿ ಎಲ್ಲೇ ಇದ್ದರೂ ಅದನ್ನು ಬಿಟ್ಟು, ಇಎಸ್‌ಐ ಮತ್ತು ಗ್ರಾಚ್ಯುಟಿಯನ್ನು ಕ್ರಮವಾಗಿ ಪಾಲಿಸಿದರೆ ಬೇರೆಯವರಿಗೂ ಮೇಲ್ಪಂಕ್ತಿಯಾಗುತ್ತದೆ. ಪ್ರತಿ ವರ್ಷ ಹೆಚ್ಚು ಅಂಕ ಪಡೆದವರಿಗೆ ನಡೆಯುವ ಪ್ರತಿಭಾ ಪುರಸ್ಕಾರದ ಜೊತೆಗೆ, ಎರಡು ಕೆಲಸಗಳ ನಡುವೆ ಸಿಲುಕಿದ ಅಧ್ಯಾಪಕರಿಗೂ ಸಂಶೋಧಕರಿಗೂ ಬಡ್ಡಿಯಿಲ್ಲದ ಅಲ್ಪಾವಧಿ ಸಾಲ ಕೊಡುವ ಸಣ್ಣ ನಿಧಿಯೊಂದನ್ನು ತಾಲ್ಲೂಕು ಮಟ್ಟದಲ್ಲಿ ಕಟ್ಟುವುದು ಕಷ್ಟವೇನಲ್ಲ. ಮೂರು ತಿಂಗಳ ಮನೆ ಬಾಡಿಗೆ, ಮಕ್ಕಳ ಶಾಲಾ ಶುಲ್ಕದಷ್ಟು ನೆರವಿದ್ದರೂ ಓದಿದವರು ಓದಿನ ಕೆಲಸವನ್ನೇ ಬಿಟ್ಟು ಹೋಗುವುದು ತಪ್ಪುತ್ತದೆ.